ದ್ವಾರದ ಕಂಬ ರಸ್ತೆ ಕಡೆ ವಾಲಿದೆ, ಕದ ನೆಲ ಕೆರೆಯುತ್ತಿದೆ: ಬಿಚ್ಚಿ ಕಟ್ಟಲೇಬೇಕೇ?

ಕಂಬಸಾಲು:
ಹಳೆಯ ಎಸ್ಟೇಟ್ ಒಂದರ ಮುಖ್ಯದ್ವಾರ. ಎರಡು ಇಟ್ಟಿಗೆ ಕಂಬ, ಒಂದೊಂದೂ 900 ಮಿ.ಮೀ. ಚೌಕ, 3.6 ಮೀಟರ್ ಎತ್ತರ. ತಲೆಯ ಮೇಲೆ 1.1 ಮೀಟರ್ ಚೌಕದ ಕಲ್ಲುಚಪ್ಪಡಿ, ಅದರ ಮೇಲೆ 450 ಮಿ.ಮೀ. ವ್ಯಾಸದ ಕಲ್ಲುಗುಂಡು. ನಡುವೆ ಎರಡು ಕಬ್ಬಿಣದ ಕದ, ಒಂದೊಂದು 1.8 ಮೀಟರ್ ಅಗಲ, ಒಳಕ್ಕೆ ತೆರೆಯುತ್ತವೆ. ಕೆಳಗೆ ಕಲ್ಲಿನ ಕುಳಿಯಲ್ಲಿ ಕೂತ ತಿರುಗುಮೊಳೆ, ಮೇಲೆ ಕಂಬಕ್ಕೆ ಹೂತ ಕಬ್ಬಿಣದ ಬಳೆ. ಎರಡರ ನಡುವೆ 2.1 ಮೀಟರ್. ಕಂಬಗಳ ಆಚೀಚೆ 4 ಮೀಟರ್ ತ್ರಿಜ್ಯದ ಕಾಲುವೃತ್ತದ ಗೋಡೆ.

ಎಡಗಂಬ ತುದಿಯಲ್ಲಿ 28 ಮಿ.ಮೀ. ರಸ್ತೆ ಕಡೆ ವಾಲಿದೆ. ಮೇಲಿನ ಬಳೆಯ ಮಟ್ಟದಲ್ಲಿ 4 ಮಿ.ಮೀ. ಅಗಲದ ನೆಟ್ಟನೆಯ ಬಿರುಕು. ಎಡ ಕದದ ಮೂತಿ (ತಿರುಗುಣಿಯಿಂದ ದೂರದ ತುದಿ) ನೆಲ ಕೆರೆಯುತ್ತದೆ. ನೆಲದಿಂದ ಸುಮಾರು 600 ಮಿ.ಮೀ. ತನಕ ಇಟ್ಟಿಗೆಯ ಮುಖ ಪದರು ಪದರಾಗಿ ಉದುರುತ್ತಿದೆ. ಅಲ್ಲೆಲ್ಲ ಇಟ್ಟಿಗೆ ಸಂದಿಗೆ ಸಿಮೆಂಟ್ ತುಂಬಿದ ಪಾಯಿಂಟಿಂಗ್ ಇದೆ. ಕದದ ಭಾರಕ್ಕೇ ಕಂಬ ವಾಲಿದೆ, ಇಡೀ ಕಂಬ ಬಿಚ್ಚಿ ಒಳಗೆ ಕಾಂಕ್ರೀಟ್ ತುಂಬಿ ಕಟ್ಟಬೇಕು ಎಂಬ ಸಲಹೆ ಬಂದಿದೆ. ಒಪ್ಪಬಹುದೇ?

ತೂಗುಗುಂಡು:
ಒಪ್ಪಬೇಡಿ. ಲೆಕ್ಕ ಹಾಕಿದರೆ ಆ ಸಲಹೆ ನಿಲ್ಲುವುದಿಲ್ಲ.

ಕಂಬದ ಗಾತ್ರ 0.9 × 0.9 × 3.6, ಅಂದರೆ 2.9 ಘನ ಮೀಟರ್. ಇಟ್ಟಿಗೆ ಕಟ್ಟಡ ಘನ ಮೀಟರ್‌ಗೆ 1.85 ಟನ್ ಎಂದು ಹಿಡಿದರೆ 5.4 ಟನ್. ಚಪ್ಪಡಿ 200 ಮಿ.ಮೀ. ದಪ್ಪ ಇದ್ದರೆ ಅದು 550 ಕೆ.ಜಿ., ಗುಂಡು 110 ಕೆ.ಜಿ. ಒಟ್ಟು 6 ಟನ್. ಕದ 350 ಕೆ.ಜಿ. ಎಂದುಕೊಳ್ಳೋಣ. ಅದರ ಭಾರಕೇಂದ್ರ ತಿರುಗುಣಿಯಿಂದ 0.9 ಮೀಟರ್ ದೂರ, ಹಾಗಾಗಿ ಎಳೆತದ ತಿರುಚು 315 ಕೆ.ಜಿ.-ಮೀಟರ್. 2.1 ಮೀಟರ್ ಅಂತರಕ್ಕೆ ಭಾಗಿಸಿದರೆ ಮೇಲಿನ ಬಳೆಯಲ್ಲಿ 150 ಕೆ.ಜಿ. ಅಡ್ಡ ಎಳೆತ, ಕೆಳಗೆ ಅಷ್ಟೇ ತಳ್ಳು. 6 ಟನ್ ಕಂಬದ ಭಾರರೇಖೆಯನ್ನು ಇದು ಬುಡದಲ್ಲಿ ಸುಮಾರು 52 ಮಿ.ಮೀ. ಸರಿಸುತ್ತದೆ, ಅಷ್ಟೇ. 900 ಮಿ.ಮೀ. ಚೌಕದಲ್ಲಿ ಒಂದೇ ದಿಕ್ಕಿನ ಸರಿತಕ್ಕೆ 150 ಮಿ.ಮೀ. ತನಕ ಅವಕಾಶವಿದೆ, ಅದು ದಾಟಿದ ಮೇಲಷ್ಟೇ ಎದುರು ಅಂಚು ಮೇಲೇಳಲು ನೋಡುತ್ತದೆ. ತುದಿಯಲ್ಲಿ 28 ಮಿ.ಮೀ. ವಾಲಿದ್ದಕ್ಕೆ ಭಾರಕೇಂದ್ರ ಸರಿದಿರುವುದು 16 ಮಿ.ಮೀ. ಆಸುಪಾಸು. ಎರಡೂ ಕೂಡಿದರೂ ಕಂಬ ಆರಾಮಾಗಿ ನಿಂತಿದೆ.

ಇನ್ನು ದಿಕ್ಕು ನೋಡಿ. ಮುಚ್ಚಿದಾಗ ಕದ ಕಂಬವನ್ನು ದಾರಿಯ ನಡುವಿಗೆ ಎಳೆಯುತ್ತದೆ, ತೆರೆದಾಗ ಎಸ್ಟೇಟಿನ ಒಳಕ್ಕೆ. ರಸ್ತೆ ಕಡೆಗಂತೂ ಎಂದೂ ಎಳೆಯುವುದಿಲ್ಲ. ರಸ್ತೆ ಕಡೆ ವಾಲಿದೆ ಎಂದರೆ ಕಾರಣ ನೆಲದಲ್ಲಿ ಹುಡುಕಬೇಕು.

ಒಂದು ಎಚ್ಚರಿಕೆ: ಈ ಲೆಕ್ಕ ಕಂಬ ಒಳಗೂ ಗಟ್ಟಿಯಾಗಿದ್ದರೆ ಮಾತ್ರ ಸರಿ. ಹೊರಗೆ ಅರ್ಧ ಇಟ್ಟಿಗೆಯ ಚಂದದ ಮುಖ, ಒಳಗೆ ಚೂರುಪಾರು ತುಂಬಿದ ಕಂಬಗಳೂ ಇವೆ. ಮರದ ಸುತ್ತಿಗೆಯಿಂದ ನಾಲ್ಕೂ ಮುಖ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ.

ಮತ್ತೆ, ಕದ ಇಳಿದಿದೆಯೋ ಅಥವಾ ನೆಲ ಏರಿದೆಯೋ? ಕದದ ಮೇಲ್ಪಟ್ಟಿಗೆ ಮಟ್ಟಗೋಲು ಇಟ್ಟು ಹೇಳಿ.

ಕಂಬಸಾಲು:
ಮೇಲ್ಪಟ್ಟಿ 1.8 ಮೀಟರ್‌ನಲ್ಲಿ 9 ಮಿ.ಮೀ. ಮೂತಿ ಕಡೆ ಇಳಿದಿದೆ. ಒಳದಾರಿಗೆ ಹಲವು ಸಲ ಹೊಸ ಪದರ ಹಾಕಿದ್ದಾರೆ, ಮೂಲ ಮಟ್ಟಕ್ಕಿಂತ 200 ಮಿ.ಮೀ. ಎತ್ತರ ಇರಬಹುದು. ತಿರುಗುಮೊಳೆಯ ಕುಳಿ ಈಗ ನೆಲದೊಳಗೆ ಹೂತಿದೆ, ಸುತ್ತ ಜಲ್ಲಿ. ರಸ್ತೆ ಬದಿಯಲ್ಲಿ ಕಂಬದಿಂದ ಅರ್ಧ ಮೀಟರ್ ದೂರಕ್ಕೆ ತೆರೆದ ಚರಂಡಿ ಇದೆ. ತಟ್ಟಿ ನೋಡಿದ್ದಾಯಿತು, ಬಳೆಯ ಸುತ್ತ ಬಿಟ್ಟರೆ ಎಲ್ಲೂ ಟೊಳ್ಳಿಲ್ಲ.

ಕುಲುಮೆಕಿಡಿ:
ಹಾಗಿದ್ದರೆ ಕಬ್ಬಿಣದ ಕಥೆ ಹೆಚ್ಚುಕಡಿಮೆ ಬಿಡಿಸಿಕೊಂಡಂತೆ. ಕೆಳಗಿನ ತಿರುಗುಮೊಳೆ ಸವೆದರೆ ಕದ ಇಡಿಯಾಗಿ ಕೆಳಗಿಳಿಯುತ್ತದೆ, ಮೇಲ್ಪಟ್ಟಿ ಮಟ್ಟವಾಗಿಯೇ ಉಳಿಯುತ್ತದೆ. ಮೇಲಿನ ಬಳೆ ಸಡಿಲವಾದರೆ ಮೂತಿ ಬಾಗುತ್ತದೆ. ನಿಮ್ಮದು ಬಾಗಿದೆ. 9 ಮಿ.ಮೀ. ಬಾಗಲು ಮೇಲಿನ ಬಳೆ ಸುಮಾರು 10 ಮಿ.ಮೀ. ಹೊರಬಂದಿರಬೇಕು: 9 ಅನ್ನು 2.1ರಿಂದ ಗುಣಿಸಿ 1.8ರಿಂದ ಭಾಗಿಸಿ ನೋಡಿ. ಬಿರುಕು ಇರುವುದೂ ಅಲ್ಲೇ.

ಬಳೆಯ ಬಾಲ ಕಂಬದೊಳಗೆ ಹೂತಿರುತ್ತದೆ. ನೀರು ತಗುಲಿದ ಕಬ್ಬಿಣ ತುಕ್ಕಾದಾಗ ಮೊದಲಿನ ಜಾಗದ ಹಲವು ಪಟ್ಟು ಬೇಡುತ್ತದೆ, ಇಟ್ಟಿಗೆಯನ್ನು ಒಳಗಿನಿಂದಲೇ ಸೀಳುತ್ತದೆ. ಸೀಳಿದ ಜಾಗಕ್ಕೆ ಇನ್ನಷ್ಟು ನೀರು. ಈ ಬಿರುಕಿಗೆ ಹೊರಗಿನಿಂದ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಉಳಿದು ತುಕ್ಕು ಜೋರಾಗುತ್ತದೆ.

ಕೆಲಸ ಹೀಗೆ. ಕದ ಮುಚ್ಚಿರುವಾಗಲೇ ಕೆಳಪಟ್ಟಿಯ ಅಡಿಗೆ ಎರಡು ಕಡೆ ಗಟ್ಟಿಮರದ ಬೆಣೆ, ಒಂದು ತಿರುಗುಣಿಯ ಹತ್ತಿರ, ಇನ್ನೊಂದು ಮೂತಿಯಿಂದ ಮೂರನೇ ಒಂದು ಭಾಗ ಒಳಗೆ. ಭಾರ ಬೆಣೆಯ ಮೇಲೆ ಬಂದ ಮೇಲಷ್ಟೇ ಮೇಲಿನ ಬಳೆ ಬಿಚ್ಚಿ. ಕದವನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಎತ್ತಬೇಕು. ಮಲಗಿಸಿ ಎತ್ತಿದರೆ ತನ್ನ ಭಾರಕ್ಕೇ ತಿರುಚಿಕೊಳ್ಳುತ್ತದೆ. ಎತ್ತುವ ಪಟ್ಟಿ ಚೌಕಟ್ಟಿಗೆ ಕಟ್ಟಿ, ಸುರುಳಿ ಹೂಬಳ್ಳಿಗೆ ಅಲ್ಲವೇ ಅಲ್ಲ.

ಎತ್ತುವ ಮೊದಲು ತೂಕ ಅಂದಾಜಿಸಿ. ಮೆದುಕಬ್ಬಿಣ (ಬಡಿದು ರೂಪಿಸುವ ಕಬ್ಬಿಣ) ಘನ ಮೀಟರ್‌ಗೆ ಸುಮಾರು 7,750 ಕೆ.ಜಿ. 20 ಮಿ.ಮೀ. ದುಂಡು ಸರಳು ಮೀಟರ್‌ಗೆ 2.4 ಕೆ.ಜಿ., 50 ಮಿ.ಮೀ. ಚೌಕದ ಹಿಂಗಂಬ (ತಿರುಗುಣಿ ಕಡೆಯ ಅಂಚಿನ ಕಂಬ) ಮೀಟರ್‌ಗೆ 19.4 ಕೆ.ಜಿ., 50 × 20ರ ಅಡ್ಡಪಟ್ಟಿ 7.75 ಕೆ.ಜಿ. ನಿಮ್ಮ ಅಳತೆಯ ಕದದಲ್ಲಿ 12 ಸರಳು, ಮೂರು ಅಡ್ಡಪಟ್ಟಿ, ಎರಡು ಅಂಚುಗಂಬ ಎಂದರೆ ಬರೀ ಅಸ್ಥಿಪಂಜರವೇ 185 ಕೆ.ಜಿ. ಆಸುಪಾಸು. ಸುರುಳಿ, ಎಲೆ, ಬೀಗದ ಪೆಟ್ಟಿಗೆ ಸೇರಿ 350 ಆಗುವುದು ಸಹಜ.

ಕಂಬಸಾಲು:
ಅದು ಬಡಿದು ಮಾಡಿದ ಕಬ್ಬಿಣವೋ, ಎರಕದ್ದೋ, ಉಕ್ಕೋ ಎಂದು ಬಣ್ಣದ ಮೇಲಿನಿಂದ ಹೇಗೆ ತಿಳಿಯುವುದು?

ಕುಲುಮೆಕಿಡಿ:
ಒಂದೇ ಕದದಲ್ಲಿ ಮೂರೂ ಇರಬಹುದು. ಒಂದೇ ಅಚ್ಚಿನ ಹೂವು ಮತ್ತೆ ಮತ್ತೆ ತಪ್ಪದೆ ಬಂದರೆ, ಅಂಚಿನಲ್ಲಿ ಅಚ್ಚಿನ ಗೆರೆ ಇದ್ದರೆ ಅದು ಬೀಡು, ಅಂದರೆ ಎರಕದ ಕಬ್ಬಿಣ. ಬಡಿದ ಸುರುಳಿಗಳಲ್ಲಿ ಎರಡು ಒಂದೇ ಥರ ಇರುವುದಿಲ್ಲ, ತುದಿ ತೆಳ್ಳಗಾಗುತ್ತಾ ಹೋಗುತ್ತದೆ. ತುಕ್ಕು ಹಿಡಿದ ಕಡೆ ನೋಡಿ: ಮೆದುಕಬ್ಬಿಣ ಕಟ್ಟಿಗೆಯ ನಾರಿನ ಹಾಗೆ ಎಳೆ ಎಳೆಯಾಗಿ ಬಿಡುತ್ತದೆ, ಉಕ್ಕು ಗುಳಿ ಬೀಳುತ್ತದೆ. ಉಜ್ಜುಗಲ್ಲಿಗೆ ಹಿಡಿದರೆ ಮೆದುಕಬ್ಬಿಣದ ಕಿಡಿ ಉದ್ದ, ಕವಲು ಕಡಿಮೆ. ಉಕ್ಕಿನದು ತುದಿಯಲ್ಲಿ ಸಿಡಿಯುತ್ತದೆ. ಕಾಣದ ಜಾಗದಲ್ಲಿ ಮಾತ್ರ ಈ ಪರೀಕ್ಷೆ.

ಇದು ಗೊತ್ತಾಗದೆ ಬೆಸುಗೆ ಯಂತ್ರ ಮುಟ್ಟಬಾರದು. ಬೀಡಿನ ಹೂವಿಗೆ ಬಿಸಿ ಒಂದೇ ಕಡೆ ತಗುಲಿದರೆ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಮೆದುಕಬ್ಬಿಣಕ್ಕೆ ಮೇಲುಮೇಲೆ ಬೆಸುಗೆ ಹಾಕಿದರೆ ಹೊರಪದರ ಮಾತ್ರ ಹಿಡಿದು, ನಾರು ನಾರಾಗಿ ಕಿತ್ತು ಬರುತ್ತದೆ. ಮೂಲದಲ್ಲಿ ಕೂಡಿಸಿದ್ದು ಬೆಣೆ, ರಿವೆಟ್, ಸುತ್ತುಪಟ್ಟಿಗಳಿಂದ. ದುರಸ್ತಿಯೂ ಹಾಗೇ ಆಗಲಿ.

ಮೊದಲು ಮಾಯವಾಗುವುದು ತೆಳು ತಗಡಿನ ಎಲೆಗಳು. ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ದೊರೆ ಮೂರನೇ ವಿಲಿಯಂ ಕಾಲಕ್ಕೆ ಜಾನ್ ಟಿಜು ಮಾಡಿದ 12 ಕಬ್ಬಿಣದ ಫಲಕಗಳಿವೆ. ಅಲ್ಲಿ ಕಾಣುವ ಅಕ್ಯಾಂಥಸ್ ಎಲೆ, ಮುಖವಾಡಗಳು ತಗಡನ್ನು ಹಿಂದಿನಿಂದ ಬಡಿದು ಉಬ್ಬಿಸಿದವು. ಇಂಥ ಎಲೆ ಸರಳಿಗೆ ಕೂಡುವ ಬುಡದಲ್ಲಿ ಬಟ್ಟಲಿನಂತೆ ನೀರು ನಿಲ್ಲುತ್ತದೆ. ಆ ಬುಡಕ್ಕೆ ಬಣ್ಣದ ಮೊದಲು ಸಂದು ಮುಚ್ಚುವ ಮೆತು ತುಂಬಿ, ನೀರು ಜಾರುವಂತೆ ಇಳಿಜಾರು ಮಾಡಬೇಕು.

ಗಾರೆಕೈ:
ಇಟ್ಟಿಗೆ ಉದುರುವ ವಿಷಯಕ್ಕೆ ಬರೋಣ. ಒಳದಾರಿ 200 ಮಿ.ಮೀ. ಏರಿದೆ ಎಂದ ಮೇಲೆ ಬುಡದ ಎರಡು ಮೂರು ವರಸೆ ಇಟ್ಟಿಗೆ ಮಣ್ಣಲ್ಲಿ ಹೂತಿವೆ. ತೇವ ಮೇಲೇರುತ್ತದೆ. ಸಂದಿಗೆ ಸುಣ್ಣ ಇದ್ದಾಗ ಅದು ಸಂದಿನಿಂದಲೇ ಆರಿ ಹೋಗುತ್ತಿತ್ತು. ಈಗ ಸಂದಿಗೆ ಸಿಮೆಂಟ್ ಮುಚ್ಚಳ. ಇರುವ ಒಂದೇ ದಾರಿ ಇಟ್ಟಿಗೆಯ ಮುಖ. ನೀರು ಆರುವಾಗ ಅದರಲ್ಲಿದ್ದ ಉಪ್ಪು ಮುಖದ ಹಿಂದೆಯೇ ಹರಳುಗಟ್ಟಿ ಪದರ ಎಬ್ಬಿಸುತ್ತದೆ. ಇಟ್ಟಿಗೆ ಕಳಪೆಯಾಗಿತ್ತು ಎಂದು ಅದರ ಮೇಲೆ ಗೂಬೆ ಕೂರಿಸಬೇಡಿ.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದಕ್ಕಿಂತ ಹಳೆಯ ಗೋಡೆಯಲ್ಲಿ ಬೂದುಬಣ್ಣದ, ಉಗುರಿಗೆ ಜಗ್ಗದ ಗಾರೆ ಕಂಡರೆ ಅದು ನಂತರದ ಕೈ ಎಂದು ಬೇರೆ ಪುರಾವೆ ಬೇಡ.

ಮೊದಲು ನೆಲ ಇಳಿಸಿ, ಗೋಡೆ ಒಂದು ಬೇಸಿಗೆ ಆರಲಿ, ಆಮೇಲೆ ಗಾರೆ. ಸಿಮೆಂಟ್ ಸಡಿಲವಾದ ಕಡೆ ತೆಳು ಉಳಿಯಿಂದ ಕೀಳಿ. ಇಟ್ಟಿಗೆಯ ಅಂಚನ್ನೇ ಹಿಡಿದುಕೊಂಡಿದ್ದರೆ ಈಗ ಬಿಡಿ, ಅದಾಗೇ ಸಡಿಲವಾಗುವ ತನಕ ಕಾಯಿರಿ. ಕತ್ತರಿಸುವ ಯಂತ್ರವನ್ನು ನೆಟ್ಟನೆಯ ಸಂದಿಗೆ ಇಟ್ಟರೆ ಮೇಲಿನ, ಕೆಳಗಿನ ಇಟ್ಟಿಗೆಗೆ ಗೀರು ಬೀಳುವುದು ಖಂಡಿತ, ಆ ಗೀರು ಮತ್ತೆ ಅಳಿಯುವುದಿಲ್ಲ.

ಸಂದಿನ ಅಗಲಕ್ಕೆ ಎರಡೂವರೆ ಪಟ್ಟು ಆಳ: 10 ಮಿ.ಮೀ. ಸಂದಿಗೆ 25 ಮಿ.ಮೀ. ದೂಳು ತೆಗೆದು, ನೀರು ಚಿಮುಕಿಸಿ, ಇಟ್ಟಿಗೆ ಹೀರಿಕೊಂಡು ಮಿನುಗು ಹೋದ ಮೇಲೆ ತುಂಬಿ. ಒಣ ಇಟ್ಟಿಗೆ ಗಾರೆಯ ನೀರು ಕುಡಿದುಬಿಡುತ್ತದೆ, ಗಾರೆ ಪುಡಿಯಾಗಿ ಉಳಿಯುತ್ತದೆ. ಪೂರ್ತಿ ಆಳಕ್ಕೆ ಒಂದೇ ಸಲ ಮೆತ್ತದೆ ಒಳಗಿನಿಂದ ಒತ್ತುತ್ತಾ ಬನ್ನಿ. ಬೆರಳು ಒತ್ತಿದರೆ ಗುರುತು ಮೂಡದಷ್ಟು ಗಟ್ಟಿಯಾದಾಗ ಗಡಸು ಕುಂಚದ ತುದಿಯಿಂದ ತಟ್ಟಿ. ಮೇಲಿನ ಹಾಲುಪದರ ಹೋಗಿ ಮರಳು ಕಾಣುತ್ತದೆ, ಗಾಳಿಯೂ ಒಳಹೋಗುತ್ತದೆ.

ಕಂಬಸಾಲು:
ಪ್ರಮಾಣ ಎಷ್ಟು? ಒಂದು ಚದರ ಮೀಟರ್‌ಗೆ ಎಷ್ಟು ಗಾರೆ ಬೇಕಾದೀತು?

ಗಾರೆಕೈ:
ಒಂದು ಪಾಲು ಸುಣ್ಣ, ಮೂರು ಪಾಲು ಮರಳು ಎನ್ನುವುದು ಬಾಯಿಪಾಠದ ಸೂತ್ರ. ಅದರ ಕಾರಣ ಮರಳಿನ ಸಂದುಗಳು. ಅಳತೆ ಡಬ್ಬಿಗೆ ಒಣ ಮರಳು ತುಂಬಿ, ಮೇಲೆ ನೀರು ಕಾಣುವ ತನಕ ಅಳೆದು ಸುರಿಯಿರಿ. ಮೂರು ಲೀಟರ್ ಮರಳು ಒಂದು ಲೀಟರ್ ನೀರು ಹಿಡಿದರೆ 1:3 ಸರಿ. ಹೆಚ್ಚು ಹಿಡಿದರೆ ಸುಣ್ಣವೂ ಹೆಚ್ಚು ಬೇಕು. ಒಂದೇ ಗಾತ್ರದ ಕಾಳಿನ ಮರಳಿನ ತೊಂದರೆಯೇ ಇದು. ಸಣ್ಣ, ದೊಡ್ಡ ಕಾಳು ಬೆರೆತ ಒರಟು ಮರಳು ಹಾಕಿ.

ಕಂಬದ ಮೈಗೆ ಸುಣ್ಣದ ಪುಟ್ಟಿ, ಇಲ್ಲವೇ ಮೆದುವಾದ ನೀರುಗಟ್ಟು ಸುಣ್ಣ (ನೀರಿನಲ್ಲೂ ಗಟ್ಟಿಯಾಗುವ ಸುಣ್ಣ). ಚೀಲದ ಮೇಲೆ ಎನ್‌ಎಚ್‌ಎಲ್ 2, 3.5, 5 ಎಂದು ಇರುತ್ತದೆ, ಅಂದರೆ ಸಹಜ ನೀರುಗಟ್ಟು ಸುಣ್ಣ; ಸಂಖ್ಯೆ ಏರಿದಷ್ಟೂ ಗಾರೆ ಗಟ್ಟಿ. ಸದಾ ಒದ್ದೆಯಾಗುವ ತಲೆಗಲ್ಲಿನ ಸಂದಿಗೆ 3.5. ಮೆತ್ತನೆಯ ಹಳೆ ಇಟ್ಟಿಗೆಗೆ 5 ಬೇಡ.

215 × 65ರ ಇಟ್ಟಿಗೆ, 10 ಮಿ.ಮೀ. ಸಂದು ಎಂದರೆ ಚದರ ಮೀಟರ್‌ಗೆ 59 ಇಟ್ಟಿಗೆ, ಸುಮಾರು 17 ಮೀಟರ್ ಸಂದು. 25 ಮಿ.ಮೀ. ಆಳಕ್ಕೆ 4.3 ಲೀಟರ್, ಚೆಲ್ಲಿದ್ದು ಸೇರಿಸಿ 5ರಿಂದ 6. ಅಡ್ಡ ಇಟ್ಟಿಗೆ (ಕಿರಿದಾದ ತುದಿ ಹೊರಗೆ ಕಾಣುವಂತೆ ಇಟ್ಟದ್ದು) ಹೆಚ್ಚಿರುವ ಕಟ್ಟಿನಲ್ಲಿ ನೆಟ್ಟನೆಯ ಸಂದು ಜಾಸ್ತಿ, ಗಾರೆಯೂ ತುಸು ಜಾಸ್ತಿ. ವಾರಗಟ್ಟಲೆ ಒದ್ದೆ ಗೋಣಿತಾಟು ಇಳಿಬಿಡಿ, ಗೋಡೆಗೆ ಅಂಟದಂತೆ. ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ದಿನಗಳಲ್ಲಿ ಈ ಕೆಲಸವೇ ಬೇಡ.

ಚಾಣಚೂರು:
ಮೇಲಿನ ಗುಂಡನ್ನು ಯಾರೂ ನೋಡಲಿಲ್ಲ! ಬಳೆಯ ಬಾಲ ತುಕ್ಕು ಹಿಡಿದಿದೆ ಎಂದರೆ ಗುಂಡಿನೊಳಗಿನ ಕಬ್ಬಿಣದ ಗೂಟವೂ ಅದೇ ಸ್ಥಿತಿಯಲ್ಲಿರಬಹುದು. ಚಪ್ಪಡಿಯ ನಡುವಿನಿಂದ ಮೂಲೆಗೆ ಕೂದಲೆಳೆಯ ಬಿರುಕು, ಗುಂಡಿನ ಬುಡದಲ್ಲಿ ಕಂದು ಕಲೆ ಕಂಡರೆ ಗೂಟ ಉಬ್ಬಿದೆ ಎಂದರ್ಥ. ಕೆಳಗೆ ಜನ ಓಡಾಡುತ್ತಾರೆ, ಅದು 110 ಕೆ.ಜಿ. ಮೊದಲು ಇಳಿಸಬೇಕಾದದ್ದು ಅದನ್ನೇ. ಹೊಸ ಗೂಟ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನದು ಅಥವಾ ಫಾಸ್ಫರ್ ಕಂಚಿನದು ಇರಲಿ.

ಗುಂಡಿನ ಬದಲು ಕಳಶ, ಸಿಂಹ ಇರುವವರಿಗೆ ಒಂದು ಮಾತು. ಅದು ಕಲ್ಲೇ ಎಂದು ನಂಬಬೇಡಿ. ಎಲೀನರ್ ಕೋಡ್ 1769ರಿಂದ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಮಾಡಿಸುತ್ತಿದ್ದ ಕೋಡ್ ಕಲ್ಲು ವಾಸ್ತವದಲ್ಲಿ ಸುಟ್ಟ ಮಣ್ಣು. ಅಚ್ಚಿಗೆ ಒತ್ತಿ, ಒಳಗೆ ಟೊಳ್ಳು ಬಿಟ್ಟು, ನಾಲ್ಕು ದಿನ ಗೂಡಿನಲ್ಲಿ ಸುಡುತ್ತಿದ್ದರು. ಸುಟ್ಟಾಗ ಸುಮಾರು 8% ಕುಗ್ಗುತ್ತಿತ್ತು. ಶತಮಾನ ಕಳೆದರೂ ಕೆತ್ತನೆಯ ಅಂಚು ಚೂಪಾಗಿದ್ದರೆ, ತಟ್ಟಿದಾಗ ಮಡಕೆಯ ಸದ್ದು ಬಂದರೆ ಅನುಮಾನಪಡಿ. ಅದರೊಳಗೆ ಕಬ್ಬಿಣದ ಸರಳೂ ಇರಬಹುದು.

ಬಳೆಯ ಬಾಲ ಮತ್ತೆ ಕೂರಿಸುವಾಗ ಸೀಸ ಎರೆಯುವುದಾದರೆ: ಬಾಲ ಕೂರುವ ಕಲ್ಲಿನ ರಂಧ್ರ ಒಳಗೆ ಅಗಲ, ಬಾಯಲ್ಲಿ ಕಿರಿದು. 32 ಮಿ.ಮೀ. ಬಾಲಕ್ಕೆ ಸರಾಸರಿ 65 ಮಿ.ಮೀ. ರಂಧ್ರ, 140 ಮಿ.ಮೀ. ಆಳ ಎಂದರೆ ಸೀಸ 4 ಕೆ.ಜಿ. ಬೇಕು, 5 ಕೆ.ಜಿ. ಕರಗಿಸಿಕೊಂಡು ಒಂದೇ ಧಾರೆಯಲ್ಲಿ ಎರೆಯಿರಿ, ನಡುವೆ ನಿಂತರೆ ಪದರು ಕೂಡುವುದಿಲ್ಲ. ರಂಧ್ರದಲ್ಲಿ ಒಂದು ಹನಿ ನೀರಿದ್ದರೂ 327 ಡಿಗ್ರಿ ದಾಟಿದ ಸೀಸ ಬಿದ್ದಾಗ ಆವಿ ಸಿಡಿದು ಸೀಸ ಮುಖಕ್ಕೆ ಹಾರುತ್ತದೆ. ಬಿಸಿಗಾಳಿಯಿಂದ ಒಣಗಿಸದೆ ಸೌಟು ಎತ್ತಲೇಬೇಡಿ. ಆರಿದ ಸೀಸ ಕುಗ್ಗುತ್ತದೆ, ಹಾಗಾಗಿ ಮೊಂಡು ಉಳಿಯಿಂದ ಸುತ್ತ ಬಡಿದು ಬಿಗಿ ಮಾಡಬೇಕು. ಈ ಕೊನೆಯ ಹೆಜ್ಜೆ ಬಿಟ್ಟವರ ಬಳೆಯೇ ಮೊದಲು ಅಲುಗಾಡುವುದು.

ಹಳೆನಕ್ಷೆ:
ಕಾಲುವೃತ್ತದ ಗೋಡೆಯನ್ನು ಅಲಂಕಾರ ಎಂದು ತಳ್ಳಬೇಡಿ. ನಾಲ್ಕು ಕುದುರೆಯ ಗಾಡಿ ಕಿರಿದಾದ ರಸ್ತೆಯಿಂದ ತಿರುಗಿ ನೇರವಾಗಿ ದ್ವಾರಕ್ಕೆ ಬರಬೇಕಾದರೆ ದ್ವಾರ ರಸ್ತೆಯಿಂದ ಹಿಂದಕ್ಕೆ ಸರಿದಿರಬೇಕು. ಆ ಅಂತರ ತುಂಬುವುದೇ ಈ ಬಾಗುಗೋಡೆ. ಕಂಬದ ಬುಡದಲ್ಲಿ ಗಾಡಿಗಾಲಿ ತಡೆಯುವ ಮೋಟುಗಲ್ಲು ಇದ್ದರೆ ಅದು ದಾರಿಯ ಪದರದಡಿ ಹೂತಿರಬಹುದು. ನೆಲ ಇಳಿಸುವಾಗ ಯಂತ್ರ ಬಿಡದೆ ಕೈಯಲ್ಲಿ ಅಗೆಸಿ.

ಗೋಡೆಯ ಇಟ್ಟಿಗೆ ಬದಲಿಸುವಾಗ ಕಟ್ಟು ನೋಡಿಕೊಳ್ಳಿ. 4 ಮೀಟರ್ ತ್ರಿಜ್ಯದಲ್ಲಿ ಉದ್ದಕ್ಕಿಟ್ಟ 215 ಮಿ.ಮೀ. ಇಟ್ಟಿಗೆಯ ನೇರ ಮುಖ ನಿಜವಾದ ಬಾಗಿನಿಂದ ಸುಮಾರು 1.4 ಮಿ.ಮೀ. ತಪ್ಪುತ್ತದೆ, ಅಡ್ಡ ಇಟ್ಟಿಗೆಯದು 0.3 ಮಾತ್ರ. ಕಡಿಮೆ ಅನಿಸಬಹುದು. ಇಳಿಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತಿನಲ್ಲಿ ಬಂದು ನೋಡಿ, ಪ್ರತಿ ಸಂದಿನಲ್ಲೂ ನೆರಳು ಎದ್ದು ಕಾಣುತ್ತದೆ. ಬಾಗುಗೋಡೆಗಳಲ್ಲಿ ಅಡ್ಡ ಇಟ್ಟಿಗೆಯೇ ತುಂಬಿರುವುದು ಅದಕ್ಕೆ.

ಬಾಗು ಗೋಡೆಗೆ ಬಲವನ್ನೂ ಕೊಡುತ್ತದೆ. ಇಂಗ್ಲೆಂಡಿನ ಸಫೋಕ್‌ನ ಹಾವಿನಂತೆ ಬಳುಕುವ ಗೋಡೆಗಳೂ, ಥಾಮಸ್ ಜೆಫರ್ಸನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಯೋಜಿಸಿದ ಬಳುಕುಗೋಡೆಗಳೂ ಆನಿಕೆಗಂಬವಿಲ್ಲದೆ ಅರ್ಧ ಇಟ್ಟಿಗೆ ದಪ್ಪದಲ್ಲೇ ನಿಲ್ಲಬಲ್ಲವು. ಅಂಥ ಗೋಡೆಯ ಒಂದು ತುಣುಕು ಒಡೆದು ನೇರ ಮಾಡಿದರೆ ಆ ತುಣುಕು ಗಾಳಿಗೆ ಬೀಳುತ್ತದೆ.

ತಲೆಗಲ್ಲು ಗೋಡೆಯ ಮುಖದಿಂದ 40–50 ಮಿ.ಮೀ. ಹೊರಚಾಚಿ, ಅಡಿಯಲ್ಲಿ ಅಂಚಿನಿಂದ 25 ಮಿ.ಮೀ. ಒಳಗೆ ನೀರು ಕಡಿಯುವ ಗೀರು ಇದೆಯೇ? ಗೀರಿಗೆ ಗಾರೆ, ಬಣ್ಣ ತುಂಬಿಕೊಂಡಿದ್ದರೆ ನೀರು ಗೋಡೆಗೇ ಇಳಿಯುತ್ತದೆ. ಐದು ನಿಮಿಷದ ಕೆಲಸ, ಮೊಳೆಯಿಂದ ಕೆರೆದರೆ ಸಾಕು.

ಕಂಬಸಾಲು:
ಬಲ ಕದದ ಮೇಲಿನ ಮಕುಟದ ಅರ್ಧ ಕಾಣೆಯಾಗಿದೆ. ಮತ್ತೆ ಮಾಡಿಸಬಹುದೇ? ಮತ್ತೆ, ಕದಕ್ಕೆ ಮೋಟರ್ ಬೇಕು ಎಂಬ ಒತ್ತಾಯವೂ ಇದೆ.

ಹಳೆನಕ್ಷೆ:
ಎಡಗಡೆಯ ಅರ್ಧ ಉಳಿದಿದ್ದರೆ ಅದರ ಕನ್ನಡಿಬಿಂಬ ಮಾಡಿಸಬಹುದು, ಹಿಂದೆ ಕಾಣದ ಕಡೆ ವರ್ಷ ಕೊರೆಸಿ. ಎರಡೂ ಹೋಗಿದ್ದರೆ ಹಳೆ ಫೋಟೊ, ನಕ್ಷೆ ಇಲ್ಲದೆ ಕೈಹಾಕಬೇಡಿ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಕಿತ್ತುಹಾಕಿದ್ದ ವರ್ಸೇಲ್ಸ್‌ನ ರಾಜದ್ವಾರವನ್ನು 2008ರಲ್ಲಿ ಮತ್ತೆ ನಿಲ್ಲಿಸಿದರು: 80 ಮೀಟರ್ ಉದ್ದ, ಸುಮಾರು ಒಂದು ಲಕ್ಷ ಚಿನ್ನದ ರೇಕು. ದಾಖಲೆ ಇದ್ದೂ ಅದು ವಿವಾದವಾಯಿತು. ಊಹೆಯಲ್ಲಿ ಮಾಡಿದ ಮಕುಟದ ಗತಿ ನೀವೇ ಯೋಚಿಸಿ.

ಕುಲುಮೆಕಿಡಿ:
ಮೋಟರ್ ಬಗ್ಗೆ: ತೋಳಿನ ಮೋಟರ್ ಕದದ ನಡುಪಟ್ಟಿಯನ್ನು ತಳ್ಳುತ್ತದೆ, ಆ ಪಟ್ಟಿ ಅಂಥ ತಳ್ಳಿಗೆ ಮಾಡಿದ್ದಲ್ಲ, ಕಂಬಕ್ಕೂ ಹೊಸ ಬೋಲ್ಟ್ ಕೊರೆಯಬೇಕು. ನೆಲದೊಳಗಿನ ಪೆಟ್ಟಿಗೆಯ ಮೋಟರ್ ಹಾಕಿದರೆ ಮೂಲ ಕುಳಿಗಲ್ಲು ಕಿತ್ತು ಹೋಗುತ್ತದೆ, ನೀರು ಬಸಿಯುವ ಕೊಳವೆ ಇಲ್ಲದಿದ್ದರೆ ಮೊದಲ ಮಳೆಗೇ ಪೆಟ್ಟಿಗೆ ಕೆರೆಯಾಗುತ್ತದೆ. ಹಗಲು ತೆರೆದಿಟ್ಟು ರಾತ್ರಿ ಮುಚ್ಚುವ ಕದಕ್ಕೆ ಮೋಟರ್ ಯಾಕೆ?

ಹಳೆ ಬಣ್ಣದಲ್ಲಿ ಸೀಸ ಇರುವುದು ಖಚಿತ ಎಂದೇ ಹಿಡಿಯಿರಿ. ಒಣಗಿದ್ದನ್ನು ಉಜ್ಜಬಾರದು, ಜ್ವಾಲೆ ತೋರಿಸಬಾರದು. ಮರಳು ಊದಿ ಕೆರೆಸುವ ಮೊದಲು ಒಂದು ಮೂಲೆಯ ಬಣ್ಣದ ಪದರಗಳನ್ನು ಮಾದರಿಗೆ ಉಳಿಸಿ, ಇಲ್ಲದಿದ್ದರೆ ಮೂಲ ಬಣ್ಣ ಕಪ್ಪೋ ಹಸಿರೋ ನೀಲಿಯೋ ಎಂದು ಆಮೇಲೆ ಯಾರೂ ಹೇಳಲಾರರು.

ತೂಗುಗುಂಡು:
ಇನ್ನು ಕ್ರಮ. ಮೊದಲು ಗುಂಡು, ಕದ ಇಳಿಯಲಿ. ನಂತರ ಚರಂಡಿ: ಕಂಬದ ರಸ್ತೆ ಮುಖದಲ್ಲಿ 600 × 600ರ ಒಂದೇ ಗುಂಡಿ ತೋಡಿ ಬುನಾದಿಯ ತಳ ಕಾಣಿಸಿಕೊಳ್ಳಿ, ತಳದ ಕೆಳಗೆ ಅಗೆಯಬೇಡಿ, ಅದೇ ದಿನ ಮುಚ್ಚಿ. ಮಣ್ಣು ಕೆಸರಾಗಿದ್ದರೆ ವಾಲಲು ಕಾರಣ ಸಿಕ್ಕಿತು, ಚರಂಡಿಗೆ ಸೋರದ ತಳ ಹಾಕಿಸಿ. ಒಳದಾರಿ ಇಳಿಸುವುದು ಅದರ ಜೊತೆಗೇ. ಒಳಗೆ ಏರಿದ ಮಣ್ಣೂ ಕಂಬವನ್ನು ರಸ್ತೆ ಕಡೆಗೇ ಒತ್ತುತ್ತಿದೆ. ಬಳೆ, ಗಾರೆ ಎಲ್ಲ ಆಮೇಲೆ. ವಾಲಿದ್ದನ್ನು ನೆಟ್ಟಗೆ ಮಾಡಲು ಹೋಗಬೇಡಿ, ನಿಂತರೆ ಸಾಕು. ಒಳಗೆ ಕಾಂಕ್ರೀಟ್ ತುಂಬಿದರೆ ತೇವ ಆರುವ ದಾರಿಯೂ ಮುಚ್ಚುತ್ತದೆ, ಬಳೆಯನ್ನು ಮತ್ತೆ ಬಿಚ್ಚುವ ದಾರಿಯೂ ಮುಚ್ಚುತ್ತದೆ.

ಕಂಬಸಾಲು:
ನಿಂತಿದೆ ಎಂದು ತಿಳಿಯಲು ಎಷ್ಟು ದಿನ ಕಾಯಬೇಕು?

ತೂಗುಗುಂಡು:
ಕಂಬದ ತುದಿಯಲ್ಲಿ ಹಿತ್ತಾಳೆ ತಿರುಪು ಒಂದು, ಬುಡದಲ್ಲಿ ಒಂದು. ತಿಂಗಳಿಗೊಮ್ಮೆ ತೂಗುಗುಂಡು ಇಳಿಬಿಟ್ಟು ಅಳೆಯಿರಿ, ಪ್ರತಿ ಸಲ ಬೆಳಗಿನ ಅದೇ ಹೊತ್ತಿಗೆ. ಬಿಸಿಲು ಒಂದು ಮುಖ ಕಾಯಿಸಿದರೆ ಕಂಬ ತಾನಾಗಿ ತುಸು ಬಾಗುತ್ತದೆ. ಬಿರುಕಿನ ಆಚೀಚೆಯೂ ಎರಡು ತಿರುಪು ಹಾಕಿ ಕ್ಯಾಲಿಪರ್‌ನಲ್ಲಿ ಅಂತರ ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಕಳೆಯಲಿ. ಸಂಖ್ಯೆ ಹೋಗಿ ಮರಳಿ ಬಂದರೆ ಅದು ಋತುವಿನ ಉಸಿರಾಟ. ಒಂದೇ ಕಡೆ ಹೋಗುತ್ತಿದ್ದರೆ ಅಳತೆಗಳನ್ನು ಇಲ್ಲಿ ಹಾಕಿ, ಬುನಾದಿಯ ಮಾತು ಆಗ ಆಡೋಣ.